ಹೈಸ್ಕೂಲ್ ಮಕ್ಕಳಿಗೆ ಊರಿನ ಅಂಗಡಿ, ಗ್ಯಾರೇಜು, ಕಾರ್ಖಾನೆಗಳ ಪರಿಚಯ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಹತ್ತಿರದ ಒಂದು ಸರಕಾರಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ಟ್ರು. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳನ್ನು ಊರಿನ ಅಂಗಡಿ, ಪ್ರೆಸ್ಸು, ಗ್ಯಾರೇಜು, ಸೊಸೈಟಿಗಳಿಗೆ ಕರೆದುಕೊಂಡು ಹೋಗಿ ಕೆಲಸ ತೋರಿಸುವುದನ್ನು ಕೆಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಬೇರೆ ಶಾಲೆಯ ಟೀಚರ್‌ಗಳು, ಪೋಷಕರು, ಅಂಗಡಿಯವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಜಿಲ್ಲೆಯ ರಿಸಲ್ಟ್ ಚೆನ್ನಾಗಿಯೇ ಇದೆ. ಮತ್ತೆ ಇದೆಲ್ಲ ಯಾಕೆ?

ರಿಸಲ್ಟ್ ಚೆನ್ನಾಗಿದೆ, ನಿಜ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಆದರೆ ಒಳ್ಳೆ ಮಾರ್ಕು ತೆಗೆದ ಹುಡುಗನನ್ನೇ ನಿಲ್ಲಿಸಿ "ಮುಂದೆ ಎಂತ ಮಾಡ್ತಿ?" ಎಂದು ಕೇಳಿ. "ಸೈನ್ಸ್" ಅನ್ನುತ್ತಾನೆ, ಇಲ್ಲವೇ "ಕಾಮರ್ಸ್". "ಆಮೇಲೆ?" ಎಂದರೆ ಸುಮ್ಮನಾಗುತ್ತಾನೆ. ಅವನಿಗೆ ಗೊತ್ತಿರುವ ಕೆಲಸಗಳು ನಾಲ್ಕೈದು: ಡಾಕ್ಟರು, ಇಂಜಿನಿಯರು, ಟೀಚರು, ಪೊಲೀಸು, ಬ್ಯಾಂಕು. ಮತ್ತೆ ಗಲ್ಫಿನಲ್ಲಿ ಮಾವ ಮಾಡುವ ಏನೋ ಒಂದು ಕೆಲಸ. ಆ ಮಾವ ಬೆಳಗ್ಗಿನಿಂದ ಸಂಜೆವರೆಗೆ ಅಲ್ಲಿ ಏನು ಮಾಡುತ್ತಾರೆ ಅಂತ ಕೇಳಿದರೆ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಮಲ್ಪೆ ಎಂದರೆ ನಮ್ಮ ಮಕ್ಕಳಿಗೆ ಬೀಚು ಮತ್ತು ಮೀನು. ಅಲ್ಲೇ ಟಗ್‌ಗಳನ್ನು, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ದೋಣಿಗಳನ್ನು, ಕಟ್ಟುವ ಯಾರ್ಡ್ ಇದೆ, 2020ರಲ್ಲಿ ಅದನ್ನು ಕೊಚ್ಚಿನ್ ಶಿಪ್‌ಯಾರ್ಡ್ ತೆಗೆದುಕೊಂಡಿತು ಅಂತ ಹೇಳಿದರೆ ಬಾಯಿ ಬಿಟ್ಟು ನೋಡುತ್ತಾರೆ. ವೆಲ್ಡರ್, ಪೈಂಟರ್, ಇಲೆಕ್ಟ್ರಿಷಿಯನ್, ನಕ್ಷೆ ಬರೆಯುವವರು, ಸ್ಟೋರಿನ ಲೆಕ್ಕ ನೋಡುವವರು, ಇಷ್ಟು ಜನ ಸೇರದೆ ಒಂದು ದೋಣಿ ನೀರಿಗೆ ಇಳಿಯುವುದಿಲ್ಲ. ಮನೆಯಿಂದ ಹತ್ತು ಕಿಲೋಮೀಟರ್ ದೂರದಲ್ಲಿ ನಡೆಯುವ ಕೆಲಸ ಹತ್ತನೇ ಕ್ಲಾಸಿನ ಮಗುವಿಗೆ ಗೊತ್ತಿಲ್ಲ ಅಂದರೆ ಅದು ಮಗುವಿನ ತಪ್ಪಲ್ಲ. ನಾವು ತೋರಿಸಿಲ್ಲ, ಅಷ್ಟೇ.

ಮೊದಲು ಯಾರ ಹತ್ತಿರ ಹೋಗಬೇಕು? ದೊಡ್ಡ ಕಂಪನಿಗಳಿಗೆ ಪತ್ರ ಬರೆಯಬೇಕಾ?

ನಾನೂ ಹಾಗೆಯೇ ಶುರು ಮಾಡಿದ್ದೆ. ಒಂದು ದೊಡ್ಡ ಕಾರ್ಖಾನೆಗೆ ಪತ್ರ ಬರೆದು, ಮೂರು ತಿಂಗಳು ಕಾದು, ಬಸ್ಸು ಮಾಡಿ ಅರವತ್ತಕ್ಕೂ ಹೆಚ್ಚು ಮಕ್ಕಳನ್ನು ಕರೆದುಕೊಂಡು ಹೋದೆ. ಯಂತ್ರದ ಸದ್ದಿನಲ್ಲಿ ಮುಂದಿನ ಸಾಲಿನ ಎಂಟು ಮಕ್ಕಳಿಗೆ ಬಿಟ್ಟರೆ ಉಳಿದವರಿಗೆ ಒಂದು ಮಾತೂ ಕೇಳಲಿಲ್ಲ. ಕೊನೆಗೆ ಎಲ್ಲರಿಗೂ ಜ್ಯೂಸು, ಬಿಸ್ಕತ್ತು, ಒಂದು ಗ್ರೂಪ್ ಫೋಟೋ. ಮರುದಿನ "ಏನು ನೋಡಿದಿರಿ, ಬರೆಯಿರಿ" ಎಂದರೆ ಹೆಚ್ಚಿನವರು ಬರೆದದ್ದು ಜ್ಯೂಸಿನ ಬಗ್ಗೆ. ಅದು ಮಕ್ಕಳ ತಪ್ಪೂ ಅಲ್ಲ, ಕಾರ್ಖಾನೆಯವರ ತಪ್ಪೂ ಅಲ್ಲ. ಪ್ಲಾನ್ ಮಾಡಿದ್ದು ನಾನು.

ಈಗ ನಾನು ಹೇಳುವುದು ಇಷ್ಟೇ: ಶಾಲೆಯ ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಯಾರಿದ್ದಾರೆ, ಅಲ್ಲಿಂದ ಶುರು ಮಾಡಿ. ಒಂದು ಸಂಜೆ ನೀವೇ ಆ ರಸ್ತೆಯಲ್ಲಿ ನಡೆಯಿರಿ, ಕಂಡದ್ದನ್ನೆಲ್ಲ ಬರೆದುಕೊಳ್ಳಿ. ನಮ್ಮ ಶಾಲೆಯ ಸುತ್ತ ಒಂದು ಕಿಲೋಮೀಟರಿನೊಳಗೆ ಬೈಕ್ ಗ್ಯಾರೇಜು, ಮೋಟಾರ್ ರಿವೈಂಡಿಂಗ್ ಅಂಗಡಿ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವುದು), ಚಿಕ್ಕ ಪ್ರೆಸ್ಸು, ಬೇಕರಿ, ಮೆಡಿಕಲ್ ಶಾಪು, ಹಾಲಿನ ಸೊಸೈಟಿ, ಟೈಲರ್ ಅಂಗಡಿ, ಅಲ್ಯೂಮಿನಿಯಂ ಫ್ಯಾಬ್ರಿಕೇಶನ್ ಶೆಡ್ಡು, ಒಂದು ಹೋಟೆಲು ಸಿಕ್ಕಿತು. ಇಷ್ಟು ಎರಡು ವರ್ಷಕ್ಕೆ ಸಾಕು. ಬಸ್ಸಿನ ಬಾಡಿಗೆಯೂ ಇಲ್ಲ.

ದೊಡ್ಡ ಕಂಪನಿ ಬೇಡ ಅಂತಲ್ಲ. ಪಣಂಬೂರಿನ ಬಂದರು, ಪುತ್ತೂರಿನ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇವೆಲ್ಲ ಮಕ್ಕಳು ನೋಡಲೇಬೇಕಾದ ಜಾಗಗಳು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯೊಂದು ಕೋಕೋ ಬೆಳೆದವರಿಗಾಗಿ ಚಾಕೊಲೇಟ್ ಮಾಡಲು ಹೊರಟದ್ದು ಎಷ್ಟು ದೊಡ್ಡ ಕಥೆ! ಆದರೆ ಅದು ವರ್ಷಕ್ಕೊಮ್ಮೆಯ ಭೇಟಿ. ವರ್ಷವಿಡೀ ಒಡನಾಟ ಇರುವುದು ಹತ್ತಿರದವರ ಜೊತೆಗೆ.

ಹೋಗಿ ಏನಂತ ಕೇಳುವುದು? ನನಗೆ ಸಂಕೋಚ ಆಗುತ್ತದೆ.

ಎಲ್ಲರಿಗೂ ಆಗುತ್ತದೆ. ಅದಕ್ಕೆ ಕಾರಣವೂ ಇದೆ. ನಮ್ಮ ಕಡೆ ಶಾಲೆಯವರು ಅಂಗಡಿಗೆ ಬಂದರು ಎಂದರೆ ಶಾಲಾ ವಾರ್ಷಿಕೋತ್ಸವದ ರಶೀದಿ ಪುಸ್ತಕ ಬಂತು ಅಂತ ಲೆಕ್ಕ. ಮಾಲೀಕರ ಕೈ ನಾವು ಮಾತಾಡುವ ಮೊದಲೇ ಗಲ್ಲಾಪೆಟ್ಟಿಗೆಗೆ ಹೋಗಿರುತ್ತದೆ. ಹಾಗಾಗಿ ಮೊದಲ ಮಾತಿನಲ್ಲೇ ಹೇಳಿಬಿಡಿ: "ಅಣ್ಣ, ದುಡ್ಡಿಗೆ ಬಂದದ್ದಲ್ಲ. ನಿಮ್ಮ ಕೆಲಸ ನಮ್ಮ ಮಕ್ಕಳಿಗೆ ತೋರಿಸಬೇಕಿತ್ತು."

ಹೀಗೆ ಹೇಳಿದಾಗ ರಿವೈಂಡಿಂಗ್ ಅಂಗಡಿಯ ಅಣ್ಣ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಎಂತ ಮಾಸ್ಟ್ರೇ, ನನ್ನ ಕೆಲಸದಲ್ಲಿ ಎಂತ ಉಂಟು ನೋಡ್ಲಿಕ್ಕೆ? ನಾನು ಏಳನೇ ಕ್ಲಾಸು." ಈ ಮಾತು ಬಹಳ ಕಡೆ ಕೇಳಿದ್ದೇನೆ. ಮೂವತ್ತು ವರ್ಷ ಕೆಲಸ ಮಾಡಿದವರಿಗೆ ತಮ್ಮ ಕೈಯಲ್ಲಿ ವಿದ್ಯೆ ಇದೆ ಅಂತ ಯಾರೂ ಹೇಳಿರುವುದಿಲ್ಲ. ಅಲ್ಲಿ ನೀವು ಐದು ನಿಮಿಷ ನಿಂತು ಅವರ ಕೆಲಸದ ಬಗ್ಗೆ ನಿಜವಾದ ಕುತೂಹಲದಿಂದ ಎರಡು ಪ್ರಶ್ನೆ ಕೇಳಿದರೆ ಅರ್ಧ ಕೆಲಸ ಆಯಿತು.

ಕೇಳುವುದು ಚಿಕ್ಕದಾಗಿರಲಿ. ಒಂದು ದಿನ, ಒಂದೂವರೆ ಗಂಟೆ, ಆರು ಮಕ್ಕಳು, ಜೊತೆಗೆ ಒಬ್ಬ ಟೀಚರ್. "ನಿಮಗೆ ಗಿರಾಕಿ ಕಮ್ಮಿ ಇರುವ ಹೊತ್ತು ಯಾವುದು?" ಅಂತ ಕೇಳಿ, ಆ ಹೊತ್ತಿಗೇ ಹೋಗಿ.

ಮಕ್ಕಳು ಅಲ್ಲಿ ಹೋಗಿ ನಿಜವಾಗಿ ಏನು ಮಾಡುತ್ತಾರೆ?

ನೋಡುತ್ತಾರೆ, ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಕೇಳಲು ಸಣ್ಣ ಅನಿಸಬಹುದು. ಒಂದು ದಿನದ್ದನ್ನು ಹೇಳುತ್ತೇನೆ.

ಅದೇ ರಿವೈಂಡಿಂಗ್ ಅಂಗಡಿ. ಬಾವಿ ಪಂಪಿನ ಒಂದು ಮೋಟಾರು ಬಂದಿತ್ತು. ಬೇಸಗೆಯಲ್ಲಿ ಬಾವಿ ನೀರು ಕೆಳಗೆ ಹೋದಾಗ ಪಂಪು ಒಣಗಿಯೇ ಓಡಿ ಸುಟ್ಟುಹೋಗುತ್ತದಲ್ಲ, ಹಾಗೆ ಸುಟ್ಟದ್ದು. ಅಣ್ಣ ಕಪ್ಪಾದ ತಂತಿಯ ಕಾಯಿಲನ್ನು ಕತ್ತರಿಸಿ ಹೊರಗೆಳೆದರು. ಒಂದೊಂದೇ ಎಳೆ ಬಿಡಿಸಿ ಎಣಿಸತೊಡಗಿದರು. ಎಣಿಸಿದ್ದನ್ನು ಒಂದು ಹಳೆಯ ಉದ್ದ ಪುಸ್ತಕದಲ್ಲಿ ಬರೆದರು. ಆಮೇಲೆ ತಂತಿಯ ತುದಿಯನ್ನು ಉಜ್ಜಿ ಇನಾಮಲ್ ತೆಗೆದು, ಮೈಕ್ರೋಮೀಟರಿನಲ್ಲಿ ದಪ್ಪ ನೋಡಿದರು. ಹೊಸ ತಂತಿ ಸುತ್ತಿದರು, ಸ್ಲಾಟಿನೊಳಗೆ ಇನ್ಸುಲೇಷನ್ ಪೇಪರ್ ಇಟ್ಟು ಕಾಯಿಲ್ ಕೂರಿಸಿದರು. ವಾರ್ನಿಶ್ ಹಾಕಿ ಒಣಗಿಸಬೇಕು. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ? ಒಂದು ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಅದರ ಶಾಖದಲ್ಲಿ ಒಣಗಿಸುತ್ತಾರೆ. ಮಕ್ಕಳು ಆ ಪೆಟ್ಟಿಗೆಯೊಳಗೆ ಬಗ್ಗಿ ಬಗ್ಗಿ ನೋಡಿದರು.

ಒಬ್ಬ ಹುಡುಗಿ ಕೇಳಿದಳು, "ಸುತ್ತು ಎಣಿಸುವಾಗ ತಪ್ಪಿದರೆ?" ಅಣ್ಣ ಹೇಳಿದರು, "ಒಂದೆರಡು ಕಮ್ಮಿಯಾದರೆ ನಡೀತದೆ. ತುಂಬ ಕಮ್ಮಿಯಾದರೆ ಕರೆಂಟು ಜಾಸ್ತಿ ಎಳೀತದೆ, ಮೋಟಾರು ಬಿಸಿಯಾಗಿ ಪುನಃ ಸುಡ್ತದೆ."

ಮರುದಿನ ಕ್ಲಾಸಿನಲ್ಲಿ ಅದೇ ಹುಡುಗಿ ಎದ್ದು ನಿಂತಳು. "ಸರ್, ಸುತ್ತು ಕಮ್ಮಿಯಾದರೆ ಕಾಂತಶಕ್ತಿ ಕಮ್ಮಿ ಅಂತ ಪುಸ್ತಕದಲ್ಲಿ ಉಂಟು. ಹಾಗಾದರೆ ಮೋಟಾರು ಯಾಕೆ ಸುಡಬೇಕು? ಯಾರು ಸರಿ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬೋರ್ಡಿನಲ್ಲಿ ಬರೆಯುತ್ತಾ ಹೋದಾಗ ಗೊತ್ತಾಯಿತು. ಪುಸ್ತಕ ಹೇಳುವುದು ಕರೆಂಟು ಅಷ್ಟೇ ಇದ್ದಾಗಿನ ಮಾತು. ಅಂಗಡಿಯಲ್ಲಿ ಅಷ್ಟೇ ಇರುವುದು ವೋಲ್ಟೇಜು. ಸುತ್ತು ಕಮ್ಮಿಯಾದರೆ ತಡೆ ಕಮ್ಮಿಯಾಗುತ್ತದೆ, ಕರೆಂಟು ಹೆಚ್ಚು ಹರಿಯುತ್ತದೆ. ಇಬ್ಬರೂ ಸರಿ. ಆ ಪೀರಿಯಡ್ಡು ಪೂರ್ತಿ ಅದಕ್ಕೇ ಹೋಯಿತು. ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಆ ಪಾಠವನ್ನು ಅಷ್ಟು ಚೆನ್ನಾಗಿ ಮಕ್ಕಳು ಕೇಳಿದ್ದು ಅದೇ ಮೊದಲು.

ಏನು ಪ್ರಶ್ನೆ ಕೇಳಬೇಕು ಅಂತ ಮಕ್ಕಳಿಗೆ ಮೊದಲೇ ಹೇಳಿಕೊಡಬೇಕಾ?

ನಾಲ್ಕೈದು ಕೊಟ್ಟಿರಿ, ಉಳಿದದ್ದು ಅವರಿಗೇ ಹೊಳೆಯುತ್ತದೆ. ಈ ಕೆಲಸ ಯಾರಿಂದ ಕಲಿತಿರಿ? ಕಲಿಯಲು ಎಷ್ಟು ಸಮಯ ಹಿಡಿಯಿತು? ಯಾವ ತಿಂಗಳು ಕೆಲಸ ಜಾಸ್ತಿ, ಯಾವ ತಿಂಗಳು ಕಮ್ಮಿ? ಕಷ್ಟ ಯಾವುದು? ಇವತ್ತು ಇದನ್ನು ಕಲಿಯಬೇಕು ಅಂದರೆ ಎಲ್ಲಿಗೆ ಹೋಗಬೇಕು? "ನಿಮಗೆ ಸಂಬಳ ಎಷ್ಟು?" ಅಂತ ಕೆಲಸದವರನ್ನು ಮಾಲೀಕರ ಎದುರಿಗೆ ಕೇಳಬಾರದು ಎಂದು ಮಾತ್ರ ಮೊದಲೇ ಹೇಳಿಡಿ.

ಇದು ಬಾಲಕಾರ್ಮಿಕ ಕಾನೂನಿಗೆ ವಿರುದ್ಧ ಅಲ್ವಾ?

ಈ ಪ್ರಶ್ನೆ ಕೇಳುವವರು ಬಂದರೆ ನನಗೆ ಖುಷಿ. ಕೇಳಲೇಬೇಕು.

1986ರ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆಗಿದೆ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಮನೆಯವರ ಕಸುಬಿನಲ್ಲಿ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕೈ ಜೋಡಿಸುವುದಕ್ಕೆ ವಿನಾಯಿತಿ ಇದೆ, ಅದೂ ಅಪಾಯ ಇಲ್ಲದ ಕೆಲಸವಾದರೆ. 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ನಮ್ಮ ಎಂಟನೇ ಕ್ಲಾಸಿನ ಮಕ್ಕಳಿಗೆ ಹದಿಮೂರು ವರ್ಷ ಅನ್ನುವುದು ನೆನಪಿರಲಿ.

ನಮ್ಮ ಶಾಲೆಯಲ್ಲಿ ನಿಯಮ ಇನ್ನೂ ಬಿಗಿ. ಮಗು ಅಲ್ಲಿ ಲಾಭ ಬರುವ ಯಾವ ಕೆಲಸವನ್ನೂ ಮಾಡುವುದಿಲ್ಲ. ಗಿರಾಕಿಗೆ ಚಾ ಕೊಡುವುದೂ ಇಲ್ಲ, ಗುಡಿಸುವುದೂ ಇಲ್ಲ. ಕೈಗೆ ಉಪಕರಣ ಕೊಟ್ಟರೆ ಅದು ಕಲಿಯಲು, ಹಾಳಾದ ಒಂದು ತುಂಡಿನ ಮೇಲೆ, ಟೀಚರ್ ಎದುರಿಗೆ. ಇಷ್ಟು ಬಿಗಿ ಯಾಕೆ ಅಂದರೆ ಒಮ್ಮೆ ಪೆಟ್ಟು ತಿಂದಿದ್ದೇನೆ. ಹಬ್ಬದ ಮುಂಚೆ ಒಂದು ಬಟ್ಟೆ ಅಂಗಡಿಗೆ ಇಬ್ಬರು ಹುಡುಗರನ್ನು "ವ್ಯಾಪಾರ ನೋಡಲಿ" ಅಂತ ಬಿಟ್ಟು, ನಾನು ಇನ್ನೊಂದು ಕಡೆ ಹೋಗಿದ್ದೆ. ತಿರುಗಿ ಬಂದು ನೋಡಿದರೆ ಹಿಂದಿನ ಕೋಣೆಯಲ್ಲಿ ಬೆವರು ಸುರಿಸಿಕೊಂಡು ಬಟ್ಟೆಯ ಬಂಡಲು ಹೊರುತ್ತಿದ್ದರು. ಹುಡುಗರು ಖುಷಿಯಲ್ಲೇ ಇದ್ದರು, ಐವತ್ತು ರೂಪಾಯಿ ಕೊಡುತ್ತೇನೆ ಅಂದಿದ್ದರಂತೆ. ಆ ದಿನವೇ ಅದನ್ನು ನಿಲ್ಲಿಸಿದೆ. ಅಂದಿನಿಂದ ಟೀಚರ್ ಇಲ್ಲದೆ ಒಂದು ಮಗುವನ್ನೂ ಎಲ್ಲಿಯೂ ಬಿಡುವುದಿಲ್ಲ.

ಅಪಾಯದ ಜಾಗ ಅಂತ ತಿಳಿಯುವುದು ಹೇಗೆ?

ಮಕ್ಕಳಿಗಿಂತ ಮೊದಲು ನೀವು ಒಬ್ಬರೇ ಹೋಗಿ ನೋಡಿ. ಐಸ್ ಪ್ಲಾಂಟ್ ತಣ್ಣಗೆ, ಚೆಂದ ಕಾಣುತ್ತದೆ, ಆದರೆ ಅಲ್ಲಿ ಅಮೋನಿಯಾ ಇರುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿದರೆ ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಆಗುತ್ತದೆ. ಇಂಥ ಕಡೆ ದೂರದಿಂದ ನೋಡುವ ವ್ಯವಸ್ಥೆ ಇದ್ದರೆ ಮಾತ್ರ ಹೋಗಿ. ಇಲ್ಲವಾದರೆ ಅಲ್ಲಿ ಕೆಲಸ ಮಾಡುವವರನ್ನೇ ಶಾಲೆಗೆ ಕರೆಸಿ.

ಇನ್ನೊಂದು ಮಾತು. ಮಗುವನ್ನು ಹೊರಗಿನ ಯಾವ ದೊಡ್ಡವರ ಜೊತೆಗೂ ಒಂಟಿಯಾಗಿ ಬಿಡಬಾರದು, ಫೋನ್ ನಂಬರ್ ಕೊಡಬಾರದು, ಫೋಟೋ ತೆಗೆಯುವುದಿದ್ದರೆ ಪೋಷಕರ ಒಪ್ಪಿಗೆ ಬೇಕು. ಇದನ್ನು ಅಂಗಡಿಯವರಿಗೆ ನೇರವಾಗಿಯೇ ಹೇಳಿ. ಒಳ್ಳೆಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಯಾರ ಅನುಮತಿ ಬೇಕು?

ಮುಖ್ಯ ಶಿಕ್ಷಕರದ್ದು, ಎಸ್‌ಡಿಎಂಸಿಯದ್ದು (ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿ), ಪ್ರತಿ ಮಗುವಿನ ಪೋಷಕರ ಸಹಿ. ಬಸ್ಸಿನಲ್ಲಿ ದೂರ ಹೋಗುವುದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮೊದಲೇ ಬರೆಯಿರಿ. ಎಸ್‌ಡಿಎಂಸಿಯನ್ನು ಬರೀ ಸಹಿಗೆ ಇಟ್ಟುಕೊಳ್ಳಬೇಡಿ. ಸದಸ್ಯರಲ್ಲೇ ಒಬ್ಬರು ರಿಕ್ಷಾ ಓಡಿಸುತ್ತಾರೆ, ಒಬ್ಬರು ಕ್ಯಾಟರಿಂಗ್ ಮಾಡುತ್ತಾರೆ. ಊರಿನ ಅಂಗಡಿಗಳಿಗೆ ನಿಮ್ಮನ್ನು ಪರಿಚಯ ಮಾಡಿಸುವವರು ಅವರೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಊರಿನ ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಜೊತೆ ಕಲಿಯಲಿ ಅನ್ನುವ ಮಾತಿದೆ. ನೀತಿಯ ಬಗ್ಗೆ ಜನರಿಗೆ ಬೇರೆ ಬೇರೆ ಅಭಿಪ್ರಾಯ ಇರಬಹುದು. ಈ ಒಂದು ಯೋಚನೆ ಮಾತ್ರ ಹೈಸ್ಕೂಲಿಗೂ ಹೊಂದುತ್ತದೆ.

ಯಾವ ತಿಂಗಳು ಒಳ್ಳೆಯದು?

ನಮ್ಮ ಕಡೆ ಮಳೆ ಮತ್ತು ಪರೀಕ್ಷೆ, ಎರಡನ್ನೂ ನೋಡಿ ಪ್ಲಾನ್ ಮಾಡಬೇಕು. ಜೂನ್, ಜುಲೈಯಲ್ಲಿ ಯಾವ ದಿನ ಮಳೆಗೆ ರಜೆ ಕೊಡುತ್ತಾರೆ ಗೊತ್ತಿಲ್ಲ. ಆದರೆ ಮಲ್ಪೆಗೆ ಹೋಗಲು ಆ ಎರಡು ತಿಂಗಳೇ ಸರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ. ಬಲೆ ಹೆಣೆಯುವುದು, ಇಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು ನಡೆಯುವುದು ಆಗಲೇ. ಮೀನು ಬರುವ ಕಾಲದಲ್ಲಿ ಅಲ್ಲಿ ಯಾರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುವುದಿಲ್ಲ.

ಉಳಿದ ಭೇಟಿಗಳಿಗೆ ಆಗಸ್ಟಿನಿಂದ ಡಿಸೆಂಬರ್. ಚೌತಿ, ದೀಪಾವಳಿ ವಾರ ಅಂಗಡಿಗಳಿಗೆ ಹೋಗಬೇಡಿ. ಜನವರಿ ನಂತರ ಹತ್ತನೇ ಕ್ಲಾಸಿನವರನ್ನು ಮುಟ್ಟಬೇಡಿ, ಆಗ ಎಂಟು, ಒಂಬತ್ತನೇ ಕ್ಲಾಸಿನವರನ್ನು ಕರೆದುಕೊಂಡು ಹೋಗಬಹುದು.

ನಮ್ಮದು ಹಳ್ಳಿ ಶಾಲೆ. ಇಲ್ಲಿ ಅಂಥ ಬಿಸಿನೆಸ್ ಏನೂ ಇಲ್ಲ.

ಹೀಗೆ ಹೇಳಿದ ಟೀಚರ್ ಒಬ್ಬರ ಶಾಲೆ, ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆ ಇತ್ತು! ಅವರ ಕ್ಲಾಸಿನ ಎಷ್ಟೋ ಮಕ್ಕಳು ಬೆಳಗ್ಗೆ ಮಲ್ಲಿಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಶಾಲೆಗೆ ಬರುವವರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇವತ್ತು ಎಷ್ಟು ಅಂತ ದಿನಾ ರೇಟು ಬರುತ್ತದೆ. ಮದುವೆ ಸೀಸನ್ನಿನಲ್ಲಿ ಏರುತ್ತದೆ, ಬೇರೆ ದಿನ ಇಳಿಯುತ್ತದೆ. ಒಂದು ತಿಂಗಳ ರೇಟನ್ನು ಮಕ್ಕಳು ಗ್ರಾಫ್ ಪೇಪರಿನಲ್ಲಿ ಬರೆದರೆ ಮಾರುಕಟ್ಟೆ ಅಂದರೆ ಏನು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ. ಹೂ ಕೊಳ್ಳುವ ಕಟ್ಟೆಗೆ ಹೋಗಿ, ಹೂ ಮುಂಬೈಗೆ ಹೇಗೆ ಹೋಗುತ್ತದೆ, ಬಾಡದಂತೆ ಹೇಗೆ ಕಟ್ಟುತ್ತಾರೆ ಅಂತ ಕೇಳಬಹುದು.

ಹಾಲಿನ ಸೊಸೈಟಿ ಇಲ್ಲದ ಊರು ನಮ್ಮಲ್ಲಿ ಕಮ್ಮಿ. ಬೆಳಗ್ಗೆ ಹೋಗಿ ನೋಡಿ, ಹಾಲಿನ ಕೊಬ್ಬಿನ ಅಂಶ ಅಳೆದು ರೇಟು ಹಾಕುತ್ತಾರೆ. ಒಂದೇ ಅಳತೆಯ ಹಾಲಿಗೆ ಇಬ್ಬರಿಗೆ ಬೇರೆ ಬೇರೆ ದುಡ್ಡು ಯಾಕೆ? ಮಕ್ಕಳು ಕೇಳಲಿ.

ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಉಳಿತಾಯದ ದುಡ್ಡು, ಸಂಗ್ರಹ ಮಾಡುವವರನ್ನೂ ಮರೆಯಬೇಡಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದಿತು, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಚಿಲ್ಲರೆಯನ್ನೂ ತೆಗೆದುಕೊಳ್ಳುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಅನ್ನುವ ಮಾತು ಮಾತ್ರ ಊರಿನ ಸೊಸೈಟಿಗಳಲ್ಲಿ ಇನ್ನೂ ಇದೆ. ದಿನಾ ನೂರು ಮನೆ, ಅಂಗಡಿ ಸುತ್ತುವ ಆ ಅಕ್ಕ ಅಥವಾ ಅಣ್ಣ ಒಂದು ಪೀರಿಯಡ್ಡು ಶಾಲೆಗೆ ಬಂದು ಮಾತಾಡಿದರೆ ನಂಬಿಕೆ, ಲೆಕ್ಕ, ಬಡ್ಡಿ ಎಲ್ಲ ಒಟ್ಟಿಗೆ ಬರುತ್ತದೆ.

"ಗ್ಯಾರೇಜಿಗೆ ಕಳಿಸ್ಲಿಕ್ಕಾ ಮಗನನ್ನು ಶಾಲೆಗೆ ಹಾಕಿದ್ದು?" ಅಂತ ಪೋಷಕರು ಕೇಳಿದರೆ?

ಸಿಟ್ಟು ಮಾಡಿಕೊಳ್ಳಬೇಡಿ. ಈ ಪ್ರಶ್ನೆಯ ಹಿಂದೆ ದೊಡ್ಡ ನೋವಿದೆ. ತಾವು ಬಿಸಿಲಿನಲ್ಲಿ ದುಡಿದವರು, ಮಗ ಫ್ಯಾನಿನ ಕೆಳಗೆ ಕೂರಲಿ ಅಂತ ಆಸೆ ಪಡುತ್ತಾರೆ. ಆ ಆಸೆ ತಪ್ಪಲ್ಲ. ಅವರನ್ನು ಕೂರಿಸಿ ಹೇಳಿ: ಇದು ಗ್ಯಾರೇಜಿಗೆ ಸೇರಿಸಲು ಅಲ್ಲ, ನಿಮ್ಮ ಮಗ ಇಂಜಿನಿಯರ್ ಆಗುವುದಾದರೂ ಮೊದಲು ಇಂಜಿನ್ ನೋಡಿರಲಿ.

ನಾವು ಮಾಡಬಾರದ ಒಂದು ತಪ್ಪು ಇದೆ. ಮೀನುಗಾರರ ಮಕ್ಕಳನ್ನು ಬೋಟಿಗೆ, ಬಡಗಿಯ ಮಗನನ್ನು ಮರದ ಕೆಲಸಕ್ಕೆ, ಕಮ್ಮಿ ಮಾರ್ಕಿನವರನ್ನು ಗ್ಯಾರೇಜಿಗೆ, ಜಾಸ್ತಿ ಮಾರ್ಕಿನವರನ್ನು ಆಸ್ಪತ್ರೆ ಲ್ಯಾಬಿಗೆ ಅಂತ ಪಾಲು ಮಾಡುವುದು. ಹಾಗೆ ಮಾಡಿದರೆ ಬಾಗಿಲು ತೆರೆದ ಹಾಗಲ್ಲ, ಮುಚ್ಚಿದ ಹಾಗೆ. ನಮ್ಮಲ್ಲಿ ಚೀಟಿ ಎತ್ತುತ್ತೇವೆ. ವರ್ಷದಲ್ಲಿ ಪ್ರತಿ ಮಗುವೂ ಮೂರು ಬೇರೆ ಬೇರೆ ಕಡೆ ಹೋಗಲೇಬೇಕು.

ಹೆಣ್ಣುಮಕ್ಕಳನ್ನೂ ಗ್ಯಾರೇಜಿಗೆ ಕರೆದುಕೊಂಡು ಹೋಗುತ್ತೀರಾ?

ಹೌದು. ಗಂಡುಮಕ್ಕಳನ್ನು ಟೈಲರ್ ಅಂಗಡಿಗೂ ಕರೆದುಕೊಂಡು ಹೋಗುತ್ತೇವೆ.

ಅಂಗಡಿಯವರಿಗೆ ಇದರಿಂದ ಏನು ಸಿಗುತ್ತದೆ?

ತಕ್ಷಣಕ್ಕೆ ದುಡ್ಡಂತೂ ಸಿಗುವುದಿಲ್ಲ. ಆ ಆಸೆ ತೋರಿಸಲೂಬೇಡಿ. ಆದರೆ ಉಡುಪಿ, ಮಂಗಳೂರಿನಲ್ಲಿ ಯಾವ ಮೆಕ್ಯಾನಿಕ್, ಯಾವ ಪ್ರೆಸ್ಸಿನವರ ಹತ್ತಿರ ಮಾತಾಡಿದರೂ ಒಂದೇ ದೂರು: ಕೆಲಸ ಕಲಿಯುವ ಹುಡುಗರು ಬರುವುದಿಲ್ಲ, ಬಂದರೂ ಎರಡು ವಾರ ನಿಲ್ಲುವುದಿಲ್ಲ. ಈ ಕೆಲಸದಲ್ಲಿ ಏನಿದೆ ಅಂತ ಊರಿನ ಮಕ್ಕಳಿಗೆ ಗೊತ್ತಾಗದೆ ಅವರು ಯಾಕೆ ಬರಬೇಕು? ಇನ್ನೊಂದು ಲಾಭ ನಾನೇ ಕಣ್ಣಾರೆ ಕಂಡದ್ದು. ಮಕ್ಕಳು ಬರೆದ ಥ್ಯಾಂಕ್ಸ್ ಪತ್ರವನ್ನು ಪ್ರೆಸ್ಸಿನ ಯಜಮಾನರು ಫ್ರೇಮ್ ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಫೋಟೋದ ಪಕ್ಕ ಇಟ್ಟಿದ್ದಾರೆ.

ಸಿಎಸ್‌ಆರ್ ದುಡ್ಡು ಕೇಳಬಹುದಾ?

ದೊಡ್ಡ ಕಂಪನಿಗಳಿಗೆ ಕೇಳಬಹುದು. 2013ರ ಕಂಪನಿ ಕಾಯಿದೆ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಉಪಯೋಗವಾಗುವ ಕೆಲಸಗಳಿಗೆ ಖರ್ಚು ಮಾಡಬೇಕು, ಅದನ್ನೇ ಸಿಎಸ್‌ಆರ್ ಅನ್ನುವುದು, ಶಿಕ್ಷಣ ಅದರಲ್ಲಿ ಸೇರುತ್ತದೆ. ಆದರೆ ಶುರುವಿಗೇ ದುಡ್ಡು ಕೇಳಿದರೆ ಅವರು ಪೈಂಟ್, ಬೆಂಚು, ಕಂಪ್ಯೂಟರ್ ಕೊಟ್ಟು ಬೋರ್ಡು ಹಾಕಿಸಿ ಹೋಗುತ್ತಾರೆ. ನಮಗೆ ಬೇಕಾದದ್ದು ಅವರ ಕೆಲಸದವರ ಒಂದು ದಿನ. ಮೊದಲು ಅದನ್ನು ಕೇಳಿ.

ಹತ್ತನೇ ಕ್ಲಾಸಿನ ನಂತರ ಇದು ಎಲ್ಲಿಗೆ ಉಪಯೋಗ?

ಪಿಯುಸಿ ಒಂದೇ ದಾರಿ ಅಲ್ಲ ಅಂತ ಮಕ್ಕಳಿಗೆ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿ ನಂತರ ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಇದು ಎಷ್ಟೋ ಪೋಷಕರಿಗೆ ಗೊತ್ತೇ ಇಲ್ಲ. ಹಾಗೆಯೇ, ಒಂದು ಕಡೆ ಹೋಗಿ ಬಂದು "ಸರ್, ಈ ಕೆಲಸ ನನಗೆ ಆಗ್ಲಿಕ್ಕಿಲ್ಲ" ಅಂತ ಹೇಳುವ ಮಗುವೂ ಏನೋ ಕಲಿತೇ ಬಂದಿದೆ.

ಮಾಸ್ಟ್ರಿಗೆ ವರ್ಗ ಆದರೆ ಎಲ್ಲ ನಿಲ್ಲುತ್ತದಲ್ಲ?

ನಿಲ್ಲುತ್ತದೆ, ಎಲ್ಲವೂ ಒಬ್ಬರ ಫೋನಿನಲ್ಲಿ ಇದ್ದರೆ. ಹಾಗಾಗಿ ಒಂದು ದಪ್ಪ ನೋಟ್‌ಬುಕ್ ಇಡಿ, ಶಾಲೆಯ ಕಪಾಟಿನಲ್ಲೇ ಇರಲಿ. ಯಾವ ಅಂಗಡಿ, ಯಾರ ಹತ್ತಿರ ಮಾತಾಡಬೇಕು, ಯಾವ ಹೊತ್ತು ಸರಿ, ಎಷ್ಟು ಮಕ್ಕಳು ಹಿಡಿಸುತ್ತಾರೆ, ಏನು ಎಚ್ಚರಿಕೆ, ಕಳೆದ ಸಲ ಏನು ಕೆಟ್ಟಿತು. ಕೆಟ್ಟದ್ದನ್ನು ಬರೆಯಲು ನಾಚಿಕೆ ಬೇಡ. ಮತ್ತೆ ಭೇಟಿಯಾದ ಒಂದು ವಾರದೊಳಗೆ ಮಕ್ಕಳ ಪತ್ರ ಅವರ ಕೈ ಸೇರಬೇಕು, ಶಾಲೆಯ ಕಾರ್ಯಕ್ರಮಕ್ಕೆ ಅವರನ್ನು ಕರೆಯಬೇಕು. ರಿವೈಂಡಿಂಗ್ ಅಣ್ಣ ವಿಜ್ಞಾನ ಪ್ರದರ್ಶನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

ಅಂಗಡಿಯವರಿಗೆ ಕೊಡುವ ಪತ್ರದ ನಮೂನೆ ಇದೆಯಾ?

ನಾವು ಕೊಡುವುದು ಇದು. ಅರ್ಧ ಪುಟ, ಕೈಬರಹದಲ್ಲಿ, ಮುಖ್ಯ ಶಿಕ್ಷಕರ ಸಹಿ, ಶಾಲೆಯ ಸೀಲು.

"ಮಾನ್ಯರೇ, ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಆರು ಮಕ್ಕಳು ಮತ್ತು ಒಬ್ಬ ಶಿಕ್ಷಕರು ನಿಮ್ಮ ಕೆಲಸವನ್ನು ನೋಡಲು ಬರಬೇಕೆಂದಿದ್ದಾರೆ. ನಿಮಗೆ ಪುರುಸೊತ್ತು ಇರುವ ಒಂದು ದಿನ, ಒಂದೂವರೆ ಗಂಟೆ ಸಾಕು. ಮಕ್ಕಳು ಯಾವ ಕೆಲಸವನ್ನೂ ಮಾಡುವುದಿಲ್ಲ, ಶಿಕ್ಷಕರು ಪೂರ್ತಿ ಹೊತ್ತು ಜೊತೆಗಿರುತ್ತಾರೆ. ತಿಂಡಿ, ಉಡುಗೊರೆ, ದೇಣಿಗೆ ಯಾವುದೂ ಬೇಡ. ನೀವು ಈ ಕೆಲಸ ಕಲಿತದ್ದು ಹೇಗೆ ಎಂದು ಮಕ್ಕಳಿಗೆ ಹೇಳಿದರೆ ಸಾಕು. ದಿನ ಮತ್ತು ಹೊತ್ತನ್ನು ಕೆಳಗೆ ಬರೆದುಕೊಡಿ."